ರೋಸ್‌ಮರಿಯ ರೋಗಗಳು ಮತ್ತು ನೀರೆರೆಯುವ ಕೈ



ಬಿಲ್ವ, ಮರುಗ, ದವನಗಳು ನಮ್ಮ ಮನೆಗಳಿಗೆ ಹೊಸ ಪರಿಚಯವಲ್ಲ. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಅನೇಕ ಮನೆಗಳ ಕಟ್ಟೆಯ ಮೇಲೆ, ಮಾಳಿಗೆಯ ಮೇಲೆ ಇನ್ನೊಂದು ಸುಗಂಧದ ಗಿಡ ಬಂದು ನೆಲೆಸಿದೆ. ಅದು ರೋಸ್‌ಮರಿ. ಹೆಣ್ಣುಮಕ್ಕಳು ಅದರ ಎಲೆಯನ್ನು ಕುದಿಸಿ, ಸೋಸಿದ ನೀರನ್ನು ಕೂದಲಿಗೆ ಹಚ್ಚಿಕೊಳ್ಳುತ್ತಾರೆ. ಕೆಲವರು ಅಡುಗೆಗೆ ಬಳಸುತ್ತಾರೆ. ಹೆಸರು ಪರದೇಶದ್ದಾದರೂ ಇದು ನಮ್ಮ ತುಲಸಿ, ಮರುಗ, ಪುದೀನ, ದೊಡ್ಡಪತ್ರೆಗಳ ಕುಲಕ್ಕೇ ಸೇರಿದ ಸಸ್ಯ. ಸಸ್ಯಶಾಸ್ತ್ರಜ್ಞರು ಬಹುಕಾಲ ಇದನ್ನು ರೋಸ್‌ಮರೈನಸ್ ಅಫಿಸಿನಾಲಿಸ್ ಎಂದು ಕರೆಯುತ್ತಿದ್ದರು. 2017ರಲ್ಲಿ ಇದನ್ನು ಸಾಲ್ವಿಯಾ ಎಂಬ ಕುಲಕ್ಕೆ ಸೇರಿಸಿ ಸಾಲ್ವಿಯಾ ರೋಸ್‌ಮರೈನಸ್ ಎಂದು ಕರೆಯತೊಡಗಿದರು.

ಈ ಗಿಡವನ್ನು ತಂದವರೆಲ್ಲರೂ ಹೇಳುವ ಮಾತು ಒಂದೇ: "ತಂದಾಗ ಚೆನ್ನಾಗಿತ್ತು, ಮೂರು ತಿಂಗಳಲ್ಲಿ ಒಣಗಿತು." ಒಣಗಿತು ಎಂಬ ಈ ಮಾತಿನಲ್ಲಿಯೇ ಒಂದು ದೊಡ್ಡ ತಪ್ಪು ತಿಳಿವಳಿಕೆ ಅಡಗಿದೆ. ಬಹುಪಾಲು ರೋಸ್‌ಮರಿಗಳು ನಮ್ಮ ಮನೆಗಳಲ್ಲಿ ಒಣಗಿ ಸಾಯುವುದಿಲ್ಲ. ನೀರಿನಲ್ಲಿ ಮುಳುಗಿ ಸಾಯುತ್ತವೆ. ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ಎರಡು ಗಿಡಗಳನ್ನು ನನ್ನ ಕೈಯಾರೆ ಕೊಂದು ಕಲಿತೆನು. ಹೇಳಿಕೊಳ್ಳಲು ಸಂಕೋಚವಾದರೂ ಹೇಳುವುದು ಅಗತ್ಯ, ಏಕೆಂದರೆ ಅದೇ ತಪ್ಪು ನಿತ್ಯಪೂಜೆಯುಳ್ಳ ನಮ್ಮ ಬೇರೆ ಮನೆಗಳಲ್ಲಿಯೂ ನಡೆಯುತ್ತಿರಬಹುದು.

ನಮ್ಮ ಸೊಸೆ ಬೆಂಗಳೂರಿನಿಂದ ಬರುವಾಗ ಒಂದು ರೋಸ್‌ಮರಿ ಕುಂಡವನ್ನು ತಂದು ಪೂಜೆಯ ಕೋಣೆಯ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಇರಿಸಿದಳು. ಇಷ್ಟಲಿಂಗಕ್ಕೆ ಮಜ್ಜನ ಮಾಡಿಸಿದ ನೀರನ್ನು ಕಾಲಿಗೆ ತಾಗುವಲ್ಲಿ ಚೆಲ್ಲಬಾರದೆಂದು ಗಿಡದ ಬುಡಕ್ಕೆ ಹಾಕುವುದು ನಮ್ಮಲ್ಲಿ ರೂಢಿ. ಕೈಗೆ ಸಮೀಪದಲ್ಲಿದ್ದುದು ಆ ಕುಂಡ. ಮುಂಜಾನೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ, ತಪ್ಪದೆ ಎರೆದೆನು. ಪವಿತ್ರವಾದ ನೀರು, ಗಿಡಕ್ಕೂ ಪುಣ್ಯ, ನನಗೂ ಸಮಾಧಾನ ಎಂದುಕೊಂಡೆನು. ಆಷಾಢದ ಮಳೆಯೂ ಅದಕ್ಕೆ ಕೂಡಿತು. ಕುಡಿಗಳು ಬಾಗಿದವು. ಬಾಯಾರಿರಬೇಕೆಂದು ಮತ್ತೊಂದು ತಂಬಿಗೆ ಹೆಚ್ಚು ಎರೆದೆನು. ಹದಿನೈದು ದಿನಗಳಲ್ಲಿ ಗಿಡ ಕಂದು ಕಡ್ಡಿಯಾಯಿತು. ಸೊಸೆ ಏನೂ ಆಡಲಿಲ್ಲ; ಇನ್ನೊಂದನ್ನು ತಂದಳು. ಅದಕ್ಕೂ ಅದೇ ಗತಿಯಾಯಿತು. ಎರಡನೆಯ ಗಿಡವನ್ನು ಕಿತ್ತು ನನ್ನ ಮುಂದೆ ಹಿಡಿದು ಮೆಲ್ಲಗೆ ಅಂದಳು: "ಇದಕ್ಕ ನೀರು ಕಡಿಮಿ ಆಗಿಲ್ರಿ ಮಾವಾರ, ಹೆಚ್ಚಾಗೇತ್ರಿ." ಬೇರುಗಳು ಕಪ್ಪಾಗಿ, ಮುಟ್ಟಿದರೆ ಸಿಪ್ಪೆ ಜಾರಿ, ಒಳಗಿನ ದಾರ ಮಾತ್ರ ಕೈಯಲ್ಲಿ ಉಳಿಯುತ್ತಿತ್ತು. ಕೆಸರಿನ ನಾತ ಬರುತ್ತಿತ್ತು.

ಅಂದಿನಿಂದ ಈ ಗಿಡದ ವಿಷಯವನ್ನು ಬಲ್ಲವರಿಂದ ಕೇಳಿ, ಓದಿ, ಮಾಡಿ ನೋಡಿ ತಿಳಿದುಕೊಂಡುದನ್ನು ಇಲ್ಲಿ ಕ್ರಮವಾಗಿ ನಿವೇದಿಸುತ್ತೇನೆ.

ಗಿಡದ ಹುಟ್ಟೂರು

ಯಾವ ಗಿಡದ ರೋಗವನ್ನು ಅರಿಯಬೇಕಾದರೂ ಮೊದಲು ಅದರ ಹುಟ್ಟೂರನ್ನು ಅರಿಯಬೇಕು. ರೋಸ್‌ಮರಿಯ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಕಲ್ಲುನೆಲದ ಇಳಿಜಾರುಗಳು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಗೆ ಒಣಗಿರುತ್ತದೆ. ನಮ್ಮಲ್ಲಿ ಇದು ತಿರುಗುಮುರುಗು. ಜೂನ್‌ನಿಂದ ಅಕ್ಟೋಬರಿನವರೆಗೆ ಸೆಕೆಯೂ ಮಳೆಯೂ ಜೊತೆಗೂಡಿ ಬರುತ್ತವೆ. ಬೆಚ್ಚಗಿನ ತೇವವೆಂದರೆ ಬೇರನ್ನು ಕೊಳೆಸುವ ಶಿಲೀಂಧ್ರಗಳಿಗೆ ಹಬ್ಬ. ಸೂಜಿಯಂತೆ ಸಣ್ಣದಾದ, ಅಂಚು ಒಳಕ್ಕೆ ಸುರುಳಿಗೊಂಡ, ಕೆಳಮೈಯಲ್ಲಿ ಬಿಳಿಯ ತುಪ್ಪುಳವಿರುವ ಇದರ ಎಲೆಯನ್ನು ನೋಡಿರಿ. ನೀರು ಆವಿಯಾಗಿ ಹೋಗದಂತೆ ಪ್ರಕೃತಿ ಮಾಡಿಕೊಟ್ಟ ಏರ್ಪಾಡು ಅದು. ಮಿತವಾಗಿ ಕುಡಿದು ಬಾಳಲು ಹುಟ್ಟಿದ ಗಿಡಕ್ಕೆ ನಾವು ಬಾಳೆಗೆ ಎರೆದಂತೆ ಎರೆಯುತ್ತೇವೆ.

ಬೇರುಕೊಳೆ ರೋಗ

ಇದೇ ರೋಸ್‌ಮರಿಯ ಮುಖ್ಯ ಶತ್ರು. ಫೈಟಾಫ್ಥೊರ, ಪಿಥಿಯಂ, ರೈಜೊಕ್ಟೋನಿಯ ಎಂಬ ಹೆಸರಿನ ಸೂಕ್ಷ್ಮಜೀವಿಗಳು ಇದಕ್ಕೆ ಕಾರಣ. ಇವು ಮಣ್ಣಿನಲ್ಲಿಯೇ ಇರುತ್ತವೆ. ನೀರು ನಿಂತು ಬೇರಿಗೆ ಗಾಳಿ ತಪ್ಪಿದಾಗ ಬೇರು ದುರ್ಬಲವಾಗುತ್ತದೆ, ಆಗ ಒಳಹೊಕ್ಕು ಕೊಳೆಸುತ್ತವೆ. ಬೇರು ಕೊಳೆತ ಮೇಲೆ ಮಣ್ಣಿನಲ್ಲಿ ಎಷ್ಟೇ ನೀರಿದ್ದರೂ ಅದನ್ನು ಮೇಲಕ್ಕೆ ಎಳೆಯುವವರಿಲ್ಲ. ಆದಕಾರಣ ಕುಡಿ ಬಾಡುತ್ತದೆ. ಬಾಡಿದ ಕುಡಿಯನ್ನು ನೋಡಿ ನಾವು ಬಾಯಾರಿಕೆ ಎಂದು ತಿಳಿಯುತ್ತೇವೆ. ಹೀಗೆ ನಾವು ಕೊಡುವ ಔಷಧವೇ ರೋಗವಾಗುತ್ತದೆ.

ನಾನು ಮಠದಲ್ಲಿ ಓದುತ್ತಿದ್ದಾಗ ದಾಸೋಹದ ಪಂಕ್ತಿಯಲ್ಲಿ ಬಡಿಸುವುದು ಹಿರಿಯ ವಿದ್ಯಾರ್ಥಿಗಳ ಪಾಲಿನ ಸೇವೆಯಾಗಿತ್ತು. ನಾನು ಮೊದಲ ದಿನ ಸಡಗರದಿಂದ ಎಲ್ಲರಿಗೂ ಒಂದೇ ಸಮನೆ ಸುರಿಯುತ್ತ ಹೋದಾಗ ದಾಸೋಹ ನೋಡಿಕೊಳ್ಳುತ್ತಿದ್ದ ಹಿರಿಯರು ತಡೆದು, "ಎಲೆ ನೋಡಿ ಬಡಿಸು, ಕೊಡುವುದು ನಿನ್ನ ಸಂತೋಷಕ್ಕಲ್ಲ, ಉಣ್ಣುವವರ ಹಸಿವಿಗೆ" ಎಂದರು. ಆ ಮಾತನ್ನು ನಾನು ಐವತ್ತು ವರ್ಷ ಪಾಲಿಸಿದೆನೆಂದುಕೊಂಡಿದ್ದೆ. ರೋಸ್‌ಮರಿಯ ವಿಷಯದಲ್ಲಿ ಎಲೆ ನೋಡಿದರೂ ಸಾಲದು. ಪಂಕ್ತಿಯಲ್ಲಿ ಎಲೆ ನೋಡಿ ಬಡಿಸಬೇಕು; ಕುಂಡದಲ್ಲಿ ಮಣ್ಣು ನೋಡಿ ಎರೆಯಬೇಕು.

ನೋಡುವ ಕ್ರಮ ಸುಲಭ. ಬೆರಳನ್ನು ಎರಡು ಗೆಣ್ಣಿನ ಆಳಕ್ಕೆ ಮಣ್ಣಿನಲ್ಲಿ ಇಳಿಸಿರಿ. ತಂಪು ತಾಗಿದರೆ ನೀರು ಬೇಡ. ಒಣಗಿದ್ದರೆ ತಳದ ತೂತಿನಿಂದ ನೀರು ಹೊರಬರುವವರೆಗೆ ಧಾರಾಳವಾಗಿ ಎರೆಯಿರಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿರಿ. ಮತ್ತೆ ಒಣಗುವವರೆಗೆ ಮುಟ್ಟಬೇಡಿರಿ. ದಿನವೂ ಒಂದಿಷ್ಟು ಎರೆಯುವುದು ಸರಿಯಲ್ಲ. ಬೇಸಗೆಯಲ್ಲಿ ಮಣ್ಣಿನ ಕುಂಡಕ್ಕೆ ಎರಡು ಮೂರು ದಿನಕ್ಕೊಮ್ಮೆ ನೀರು ಬೇಕಾದೀತು. ಮಳೆಗಾಲದಲ್ಲಿ ವಾರ ಕಳೆದರೂ ಬೇಡವಾದೀತು. ಇಲ್ಲಿ ಒಂದು ಎಚ್ಚರಿಕೆಯ ಮಾತು. ನೀರು ಕಡಿಮೆ ಇರಲೆಂದು ಪೂರ್ತಿ ಮರೆತುಬಿಡಲೂ ಬಾರದು. ರೋಸ್‌ಮರಿಯ ಎಲೆ ಬಿರುಸಾದುದರಿಂದ ಅದು ತುಲಸಿಯಂತೆ ಬಾಡಿ ಬಾಯಾರಿಕೆಯನ್ನು ಬೇಗ ತೋರಿಸುವುದಿಲ್ಲ. ಕಣ್ಣಿಗೆ ಕಾಣುವಷ್ಟರಲ್ಲಿ ಕಾಲ ಮೀರಿರುತ್ತದೆ. ಹಾಗಾಗಿ ಎರಡೂ ಕಡೆಗೆ ಬೆರಳೇ ಪ್ರಮಾಣ.

ಮಣ್ಣಿನ ವಿಷಯ ನೀರಿನಷ್ಟೇ ಮುಖ್ಯ. ನಮ್ಮ ಬಯಲುಸೀಮೆಯ ಎರೆಮಣ್ಣು ಜೋಳಕ್ಕೆ, ಹತ್ತಿಗೆ ಶ್ರೇಷ್ಠ. ನೀರನ್ನು ಹಿಡಿದಿಡುವ ಆ ಗುಣವೇ ರೋಸ್‌ಮರಿಗೆ ಮಾರಕ. ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಕೂಡಿಸಿದರೆ ಸಾಕು. ಅಂಗಡಿಯ ಸಸಿಗಳು ಹಲವೊಮ್ಮೆ ಬರಿಯ ತೆಂಗಿನ ನಾರಿನ ಪುಡಿಯಲ್ಲಿ ಬೆಳೆದು ಬಂದಿರುತ್ತವೆ. ಆ ಪುಡಿ ಸ್ಪಂಜಿನಂತೆ ನೀರು ಹೀರಿಕೊಂಡಿರುತ್ತದೆ. ಮೇಲೆ ಒಣಗಿ ಕಂಡರೂ ಒಳಗೆ ಒದ್ದೆ. ತಂದ ವಾರದೊಳಗೆ ಆ ಪುಡಿಯನ್ನು ಬೇರಿಗೆ ನೋವಾಗದಂತೆ ಸಾಧ್ಯವಾದಷ್ಟು ಉದುರಿಸಿ, ಮೇಲೆ ಹೇಳಿದ ಮಣ್ಣಿಗೆ ಬದಲಿಸುವುದು ಒಳ್ಳೆಯದು. ಕುಂಡದ ತಳಕ್ಕೆ ಜಲ್ಲಿಕಲ್ಲು ಹರಡಿದರೆ ನೀರು ಬೇಗ ಬಸಿಯುವುದೆಂದು ಅನೇಕರು ನಂಬಿದ್ದಾರೆ. ವಾಸ್ತವವಾಗಿ ಸಣ್ಣ ಕಣದ ಮಣ್ಣಿನಿಂದ ದಪ್ಪ ಕಲ್ಲಿನ ಪದರಕ್ಕೆ ನೀರು ಸುಲಭವಾಗಿ ಇಳಿಯದೆ, ಮಣ್ಣಿನ ಕೆಳಭಾಗದಲ್ಲಿಯೇ ತಂಗುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು. ಸುಣ್ಣದ ಬಣ್ಣ ಬಳಿಯದ, ಬರಿಯ ಮಣ್ಣಿನ ಕುಂಡ ಪ್ಲಾಸ್ಟಿಕ್ಕಿನದಕ್ಕಿಂತ ಉತ್ತಮ. ಅದರ ಗೋಡೆಯೂ ಉಸಿರಾಡುತ್ತದೆ.

ರೋಗ ಹತ್ತಿದ ಮೇಲೆ ಉಳಿಸುವ ಉಪಾಯ ಹೀಗಿದೆ. ಮೊದಲು ಉಗುರಿನಿಂದ ಕಾಂಡದ ಸಿಪ್ಪೆಯನ್ನು ಸ್ವಲ್ಪ ಕೆರೆದು ನೋಡಿರಿ. ಒಳಗೆ ಹಸಿರಿದ್ದರೆ ಜೀವವಿದೆ. ಗಿಡವನ್ನು ಕುಂಡದಿಂದ ಬಿಡಿಸಿ, ಹಳೆಯ ಮಣ್ಣನ್ನು ಉದುರಿಸಿ, ಕಪ್ಪಾದ ಮೆತ್ತನೆಯ ಬೇರುಗಳನ್ನೆಲ್ಲ ಸ್ಪಿರಿಟ್‌ನಿಂದ ಒರೆಸಿದ ಕತ್ತರಿಯಿಂದ ತೆಗೆಯಿರಿ. ಬೇರು ಕಡಿಮೆಯಾದಷ್ಟು ಮೇಲಿನ ಹೊರೆಯೂ ಕಡಿಮೆಯಾಗಬೇಕು. ಆದುದರಿಂದ ಕೊಂಬೆಗಳ ಮೂರರಲ್ಲೊಂದು ಭಾಗವನ್ನು ಕತ್ತರಿಸಿರಿ. ಹೊಸ ಮಣ್ಣಿನಲ್ಲಿ, ಬೇರಿನ ಗಾತ್ರಕ್ಕೆ ತಕ್ಕ ಚಿಕ್ಕ ಕುಂಡದಲ್ಲಿ ನೆಟ್ಟು, ನಾಲ್ಕೈದು ದಿನ ಬಿಸಿಲು ನೇರವಾಗಿ ತಾಗದ ಬೆಳಕಿನಲ್ಲಿರಿಸಿ, ಆಮೇಲೆ ಮೆಲ್ಲಗೆ ಬಿಸಿಲಿಗೆ ತನ್ನಿರಿ. ಮಣ್ಣಿಗೆ ಟ್ರೈಕೊಡರ್ಮ ಎಂಬ ಉಪಕಾರಿ ಶಿಲೀಂಧ್ರದ ಪುಡಿಯನ್ನು ಕೂಡಿಸಿದರೆ ಅದು ಕೊಳೆಸುವ ಶಿಲೀಂಧ್ರಗಳನ್ನು ತಡೆಯುತ್ತದೆ. ಒಂದು ಕಿಲೋ ಕಳಿತ ಗೊಬ್ಬರಕ್ಕೆ 10 ಗ್ರಾಂ ಪುಡಿ ಬೆರೆಸಿ, ತುಸು ತೇವ ಮಾಡಿ, ಒಂದು ವಾರ ನೆರಳಿನಲ್ಲಿಟ್ಟು ಬಳಸಬೇಕು. ಕೃಷಿ ವಿಶ್ವವಿದ್ಯಾಲಯಗಳಲ್ಲಿಯೂ ಗೊಬ್ಬರದ ಅಂಗಡಿಗಳಲ್ಲಿಯೂ ಇದು ದೊರೆಯುತ್ತದೆ. ಆದರೆ ಇದು ಬರುವ ಮುನ್ನ ಕಾಯುವ ಕಾವಲುಗಾರನೇ ಹೊರತು ಅರ್ಧಕ್ಕಿಂತ ಹೆಚ್ಚು ಕೊಳೆತ ಗಿಡವನ್ನು ಎಬ್ಬಿಸುವ ಸಂಜೀವಿನಿಯಲ್ಲ.

ಸತ್ತ ಗಿಡದ ಮಣ್ಣನ್ನು ಇನ್ನೊಂದು ಕುಂಡಕ್ಕೆ ಸುರಿಯಬೇಡಿರಿ. ನಾನು ಎರಡನೆಯ ಸಲ ಮಾಡಿದ ತಪ್ಪು ಇದೇ. ಮೊದಲ ಗಿಡದ ಮಣ್ಣಿನಲ್ಲಿಯೇ ಎರಡನೆಯದನ್ನು ನೆಟ್ಟಿದ್ದೆವು. ಅಂತಹ ಮಣ್ಣನ್ನು ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತೇವ ಮಾಡಿ ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ನಾಲ್ಕರಿಂದ ಆರು ವಾರ ಬಿಟ್ಟರೆ ಸೂರ್ಯನ ಕಾವೇ ಬಹಳಷ್ಟು ರೋಗಾಣುಗಳನ್ನು ಕೊಲ್ಲುತ್ತದೆ.

ಬೂದಿ ರೋಗ

ಹಣೆಯ ಮೇಲಿದ್ದರೆ ವಿಭೂತಿ. ಎಲೆಯ ಮೇಲಿದ್ದರೆ ರೋಗ. ಮಳೆ ನಿಂತು ರಾತ್ರಿಗಳು ತಂಪಾದಾಗ, ಗಾಳಿಯಾಡದ ಮೂಲೆಯಲ್ಲಿ, ಒತ್ತಾಗಿ ಬೆಳೆದ ಗಿಡದ ಎಲೆಗಳ ಮೇಲೆ ಬಿಳಿಯ ಪುಡಿ ಉದುರಿಸಿದಂತೆ ಕಾಣುವುದೇ ಬೂದಿ ರೋಗ. ಎಲೆಯ ಕೆಳಗಿನ ಬಿಳುಪು ಹುಟ್ಟಿನಿಂದ ಬಂದುದು, ಅದಕ್ಕೆ ಅಂಜಬೇಕಾಗಿಲ್ಲ. ಮೇಲ್ಮೈಯಲ್ಲಿ ಬೆರಳಿನಿಂದ ಒರೆಸಿದರೆ ಹೋಗುವ ಬಿಳುಪಿದ್ದರೆ ರೋಗವೆಂದು ತಿಳಿಯಿರಿ. ಇದು ಗಿಡವನ್ನು ಕೂಡಲೇ ಕೊಲ್ಲುವುದಿಲ್ಲ, ಆದರೆ ಸೊರಗಿಸುತ್ತದೆ.

ಮೊದಲ ಚಿಕಿತ್ಸೆ ಕತ್ತರಿ. ರೋಗ ಹತ್ತಿದ ಕುಡಿಗಳನ್ನೂ ನಡುವಿನ ಒತ್ತಾದ ಕಡ್ಡಿಗಳನ್ನೂ ತೆಗೆದು ಗಾಳಿ, ಬೆಳಕಿಗೆ ದಾರಿ ಮಾಡಿರಿ. ದಿನಕ್ಕೆ ಆರು ತಾಸು ಬಿಸಿಲು ಬೀಳುವ ಕಡೆಗೆ ಕುಂಡವನ್ನು ಸರಿಸಿರಿ. ಎರಡನೆಯ ಚಿಕಿತ್ಸೆ ಹಾಲು. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ವಾರಕ್ಕೊಮ್ಮೆ ಮುಂಜಾನೆಯ ಎಳೆಬಿಸಿಲಿನಲ್ಲಿ ಸಿಂಪಡಿಸಬೇಕು. ಇದು ಅಜ್ಜಿಯ ಕಥೆಯಲ್ಲ. ಬ್ರೆಜಿಲ್ ದೇಶದ ವಿಜ್ಞಾನಿಯೊಬ್ಬರು ಕುಂಬಳದ ಜಾತಿಯ ಬಳ್ಳಿಯ ಬೂದಿ ರೋಗದ ಮೇಲೆ ಹಸುವಿನ ಹಾಲನ್ನು ಪ್ರಯೋಗಿಸಿ, ಅದು ರೋಗವನ್ನು ಹತೋಟಿಗೆ ತರುವುದೆಂದು 1999ರಲ್ಲಿ ಪ್ರಕಟಿಸಿದರು. ಆಗಿನಿಂದ ಮನೆತೋಟದವರು ಇದನ್ನು ಬೇರೆ ಗಿಡಗಳ ಬೂದಿ ರೋಗಕ್ಕೂ ಬಳಸುತ್ತ ಬಂದಿದ್ದಾರೆ. ಕೆನೆ ತೆಗೆದ ಹಾಲಾದರೆ ನಾತ ಕಡಿಮೆ. ಸಕ್ಕರೆ, ಜೇನು ಕೂಡಿದ ಅಭಿಷೇಕದ ಹಾಲನ್ನು ಮಾತ್ರ ಬಳಸಬೇಡಿರಿ. ಇರುವೆಗಳಿಗೆ ಆಮಂತ್ರಣ ಕೊಟ್ಟಂತಾದೀತು. ರೋಗ ಇನ್ನೂ ಹಬ್ಬಿದರೆ ನೀರಿನಲ್ಲಿ ಕರಗುವ ಗಂಧಕದ ಪುಡಿಯನ್ನು ಲೀಟರಿಗೆ 2 ಗ್ರಾಂನಂತೆ ಸಿಂಪಡಿಸಬಹುದು. ಬಿರುಬಿಸಿಲಿನಲ್ಲಿ ಗಂಧಕ ಎಲೆಯನ್ನು ಸುಡುತ್ತದೆ. ಬೇವಿನ ಎಣ್ಣೆ ಸಿಂಪಡಿಸಿದ ಎರಡು ವಾರದೊಳಗೂ ಗಂಧಕ ಕೂಡದು.

ಮಳೆಗಾಲದ ಬೂಷ್ಟು ಮತ್ತು ಎಲೆಚುಕ್ಕೆ

ಸತತವಾಗಿ ಮಳೆ ಹಿಡಿದಾಗ ಗಿಡದ ಒಳಭಾಗದ ಎಲೆಗಳು ಕಂದಾಗಿ, ಜೇಡರ ನೂಲಿನಂತಹ ಎಳೆಗಳಿಂದ ಒಂದಕ್ಕೊಂದು ಅಂಟಿಕೊಂಡು ಜೋತುಬೀಳುತ್ತವೆ. ಕೆಲವೊಮ್ಮೆ ಬೂದುಬಣ್ಣದ ಬೂಷ್ಟು ಕಾಣುತ್ತದೆ. ಕೆಲವೊಮ್ಮೆ ಎಲೆಗಳ ಮೇಲೆ ಕಪ್ಪು, ಕಂದು ಚುಕ್ಕೆಗಳೇಳುತ್ತವೆ. ಇವಕ್ಕೆಲ್ಲ ಮೂಲ ಒಂದೇ: ಎಲೆ ಒದ್ದೆಯಾಗಿ ಬಹಳ ಹೊತ್ತು ಒಣಗದೆ ಇರುವುದು. ಮಲೆನಾಡಿನ ಮನೆಗಳಲ್ಲಿ ಜೂನ್ ಮೊದಲ ವಾರದಲ್ಲಿಯೇ ಕುಂಡವನ್ನು ಸೂರಿನ ಕೆಳಗೆ, ಬೆಳಕು ಬರುವಲ್ಲಿ ಇಡಬೇಕು. ನೀರನ್ನು ಎಂದಿಗೂ ತಲೆಯ ಮೇಲೆ ಎರೆಯಬಾರದು, ಬುಡಕ್ಕೆ ಎರೆಯಬೇಕು, ಅದೂ ಮುಂಜಾನೆ. ಕುಂಡದಿಂದ ಕುಂಡಕ್ಕೆ ಒಂದು ಗೇಣಾದರೂ ಅಂತರವಿರಲಿ. ಉದುರಿದ ಎಲೆಗಳನ್ನು ಬುಡದಲ್ಲಿ ಕೊಳೆಯಗೊಡದೆ ಆರಿಸಿ ತೆಗೆಯಿರಿ. ರೋಗದ ಕಡ್ಡಿಗಳನ್ನು ಗೊಬ್ಬರದ ಗುಂಡಿಗೆ ಹಾಕದೆ ದೂರ ಮಾಡಿರಿ.

ಕೀಟಗಳ ಕಾಟ

ಬೇಸಗೆಯಲ್ಲಿ, ಮಾರ್ಚ್‌ನಿಂದ ಮೇ ವರೆಗೆ, ಎಲೆಗಳು ಹಸಿರು ಕಳೆದುಕೊಂಡು ಮಾಸಲಾಗಿ ಚುಕ್ಕೆಚುಕ್ಕೆಯಾದರೆ ನುಸಿಯ ಸಂಶಯ ಪಡಬೇಕು. ಬಿಳಿಯ ಕಾಗದವನ್ನು ಕೆಳಗೆ ಹಿಡಿದು ಕೊಂಬೆಯನ್ನು ತಟ್ಟಿರಿ. ಸಾಸಿವೆಗಿಂತ ಚಿಕ್ಕದಾದ ಕಣಗಳು ಬಿದ್ದು ಹರಿದಾಡಿದರೆ ಅದೇ ನುಸಿ. ಕುಡಿಯಲ್ಲಿ ಗುಂಪುಗೂಡುವ ಹಸಿರು ಹೇನು, ಗೆಣ್ಣುಗಳಲ್ಲಿ ಹತ್ತಿಯ ಚೂರಿನಂತೆ ಅಂಟಿರುವ ಹಿಟ್ಟುತಿಗಣೆ, ಅಲುಗಾಡಿಸಿದರೆ ಏಳುವ ಬಿಳಿನೊಣ, ಇವೂ ಬರುತ್ತವೆ. ಗಿಡದ ಮೇಲೆ ಇರುವೆಗಳು ಸಾಲುಗಟ್ಟಿದ್ದರೆ ಎಲ್ಲೋ ಹೇನು ಅಥವಾ ಹಿಟ್ಟುತಿಗಣೆ ಇದೆಯೆಂದೇ ಅರ್ಥ. ಅವು ಒಸರುವ ಸಿಹಿಗಾಗಿ ಇರುವೆ ಅವನ್ನು ಕಾಯುತ್ತದೆ.

ಮೊದಲು ಬರಿಯ ನೀರನ್ನು ರಭಸದಿಂದ ಎಲೆಯ ಕೆಳಮೈಗೆ ಹಾಯಿಸಿ ತೊಳೆಯಿರಿ. ಇದನ್ನು ಬಿಸಿಲಿರುವ ಮುಂಜಾನೆ ಮಾಡಿದರೆ ಎಲೆ ಬೇಗ ಒಣಗುತ್ತದೆ; ಕುಂಡವನ್ನು ವಾಲಿಸಿ ಹಿಡಿದರೆ ಮಣ್ಣು ನೆನೆಯುವುದಿಲ್ಲ. ಹಿಟ್ಟುತಿಗಣೆಯನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಬಹುದು. ಮತ್ತೂ ಉಳಿದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಅದು ಬೆರೆಯಲು ಕೆಲವು ಹನಿ ಸಾಬೂನಿನ ದ್ರವ ಕೂಡಿಸಿ, ಚೆನ್ನಾಗಿ ಕುಲುಕಿ, ಸಂಜೆ ಸಿಂಪಡಿಸಿರಿ. ವಾರಕ್ಕೊಮ್ಮೆಯಂತೆ ಮೂರು ಸಲ ಸಿಂಪಡಿಸಬೇಕು. ಏಕೆಂದರೆ ಮೊಟ್ಟೆಯೊಳಗಿದ್ದುದು ಮೊದಲ ಸಲಕ್ಕೆ ಸಿಕ್ಕುವುದಿಲ್ಲ. ಮೊದಲು ಒಂದೇ ಕೊಂಬೆಗೆ ಹಾಕಿ, ಎರಡು ದಿನ ನೋಡಿ, ಆಮೇಲೆ ಇಡೀ ಗಿಡಕ್ಕೆ ಹಾಕುವುದು ಜಾಣತನ.

ಇವಲ್ಲದೆ ಕಾಂಡದ ಬುಡದಲ್ಲಿ ಒರಟಾದ ಗಂಟುಗಳು ಬೆಳೆಯುವ ಇನ್ನೊಂದು ರೋಗವಿದೆ. ಇದು ಗಾಯದ ಮೂಲಕ ಒಳಹೊಗುವ ಬ್ಯಾಕ್ಟೀರಿಯದಿಂದ ಬರುತ್ತದೆ, ಇದಕ್ಕೆ ಮದ್ದಿಲ್ಲ. ಅಂತಹ ಗಿಡವನ್ನು ಮಣ್ಣುಸಹಿತ ತೆಗೆದುಹಾಕಿ, ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಬೇಕು. ಅದರಿಂದ ಕಡ್ಡಿ ತೆಗೆದು ನೆಂಟರಿಗೆ ಹಂಚಬಾರದು.

ರೋಗವಲ್ಲದ ರೋಗ

ಎಲೆಯ ತುದಿ ಮಾತ್ರ ಸುಟ್ಟಂತೆ ಕಂದಾಗಿ, ಕುಂಡದ ಹೊರಮೈಯಲ್ಲಿ ಬಿಳಿಯ ಪೊರೆಗಟ್ಟಿದ್ದರೆ ಅದು ರೋಗವಾಗಿರಲಿಕ್ಕಿಲ್ಲ. ಕೊಳವೆಬಾವಿಯ ಗಡಸು ನೀರಿನ ಉಪ್ಪು ಮಣ್ಣಿನಲ್ಲಿ ಕೂಡಿಕೊಂಡಿರಬಹುದು. ಎರಡು ತಿಂಗಳಿಗೊಮ್ಮೆ, ನೀರೆರೆಯುವ ಸರದಿ ಬಂದಾಗ, ಶೇಖರಿಸಿದ ಮಳೆಯ ನೀರನ್ನು ಹೇರಳವಾಗಿ ಎರೆದು ಪೂರ್ತಿ ಬಸಿದುಹೋಗಲು ಬಿಟ್ಟರೆ ಉಪ್ಪು ಇಳಿದುಹೋಗುತ್ತದೆ. ಗೊಬ್ಬರ ಹೆಚ್ಚಾದರೂ ಇದೇ ಲಕ್ಷಣ. ಅಕ್ಕಿ ತೊಳೆದ ನೀರು, ಚಹದ ಚರಟ, ಒಲೆಯ ಬೂದಿ, ಹಸಿ ಸೆಗಣಿಯ ನೀರು ಎಂದು ಮನೆಯಲ್ಲಿ ಉಳಿದುದನ್ನೆಲ್ಲ ಈ ಗಿಡಕ್ಕೆ ಉಣಿಸಬೇಡಿರಿ. ವರ್ಷಕ್ಕೆ ಎರಡು ಸಲ ಒಂದೊಂದು ಹಿಡಿ ಎರೆಗೊಬ್ಬರ ಸಾಕು. ಹೆಚ್ಚು ಉಂಡ ರೋಸ್‌ಮರಿ ಮೆತ್ತಗಾಗಿ ಬೆಳೆಯುತ್ತದೆ. ಮೆತ್ತನೆಯ ಕುಡಿಯೇ ಹೇನಿಗೆ ಪ್ರಿಯ.

ಬಲವಾದ ಕೃಷಿರಾಸಾಯನಿಕಗಳ ವಿಷಯದಲ್ಲಿ ತಾಯಂದಿರಿಗೆ ವಿಶೇಷ ವಿನಂತಿ. ಈ ಎಲೆ ತಲೆಗೆ, ಕೆಲವೊಮ್ಮೆ ಹೊಟ್ಟೆಗೆ ಹೋಗುವಂಥದು. ಹೊಲದಿಂದ ತಂದ ಔಷಧ ಉಳಿದಿದೆಯೆಂದು ಮನೆಯ ಕುಂಡಕ್ಕೆ ಸಿಂಪಡಿಸುವುದು ಸರ್ವಥಾ ಸಲ್ಲದು. ಸಾಧಾರಣ ಬೇವಿನೆಣ್ಣೆ, ಗಂಧಕ ಹಾಕಿದರೂ ಚೀಟಿಯ ಮೇಲೆ ಹೇಳಿದಷ್ಟು ದಿನ ಎಲೆ ಕೀಳದೆ, ಆಮೇಲೆ ತೊಳೆದು ಬಳಸಿರಿ. ರೋಗ ಹತ್ತಿದ ಎಲೆಯನ್ನು ನೀರು ಕುದಿಸಲು ಬಳಸಬೇಡಿರಿ.

ಗಿಡಕ್ಕೂ ವೈದ್ಯಶಾಸ್ತ್ರವಿದೆಯೆಂಬುದು ನಮ್ಮವರಿಗೆ ಹೊಸ ಮಾತಲ್ಲ. ಸುರಪಾಲನ ಸಂಸ್ಕೃತ 'ವೃಕ್ಷಾಯುರ್ವೇದ'ವು ಗಿಡಗಳಿಗೂ ವಾತ, ಪಿತ್ತ, ಕಫಗಳ ದೋಷದಿಂದ ರೋಗ ಬರುವುದೆಂದು ವಿಂಗಡಿಸುತ್ತದೆ. ಕನ್ನಡದಲ್ಲಿಯೇ ಚಾಳುಕ್ಯರ ಕಾಲದ ಚಾವುಂಡರಾಯನು ಕ್ರಿ.ಶ. 1025ರ ಸುಮಾರಿಗೆ ರಚಿಸಿದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಸೂಕ್ಷ್ಮದರ್ಶಕವಿಲ್ಲದ ಆ ಕಾಲದವರು ರೋಗಾಣುವನ್ನು ಕಂಡಿರಲಿಲ್ಲ. ಆದರೆ ಗಿಡವನ್ನು ಮನುಷ್ಯನಂತೆಯೇ ಪರೀಕ್ಷಿಸಿ ಚಿಕಿತ್ಸೆ ಮಾಡಬೇಕೆಂಬುದನ್ನು ಕಂಡಿದ್ದರು. ಇದು ಇಂದಿಗೂ ಉಳಿಯುವ ಪಾಠ.

ಕೊನೆಗೆ, ಎಲ್ಲಕ್ಕಿಂತ ದೊಡ್ಡ ರಕ್ಷಣೆ ಎರಡನೆಯ ಗಿಡ. ಆರೋಗ್ಯವಾಗಿರುವ ಗಿಡದಿಂದ ಮಳೆ ಕಳೆದ ಮೇಲೆ ನಾಲ್ಕೈದು ಅಂಗುಲದ ಎಳೆಯ ಕಡ್ಡಿಗಳನ್ನು ಕತ್ತರಿಸಿ, ಕೆಳಗಿನ ಅರ್ಧದ ಎಲೆ ತೆಗೆದು, ತೇವದ ದಪ್ಪ ಮರಳಿನಲ್ಲಿ ಊರಿ ನೆರಳಿನಲ್ಲಿಡಿರಿ. ನಾಲ್ಕರಿಂದ ಆರು ವಾರಗಳಲ್ಲಿ ಬೇರು ಬರುತ್ತದೆ. ಹತ್ತರಲ್ಲಿ ಐದು ಹತ್ತಿದರೂ ಲಾಭವೇ. ಒಂದನ್ನು ನೀವಿಟ್ಟುಕೊಂಡು ಉಳಿದುದನ್ನು ನೆರೆಯವರಿಗೆ ಕೊಡಿರಿ. ನಿಮ್ಮದು ಹೋದಾಗ ಅವರ ಮನೆಯಲ್ಲಿ ನಿಮ್ಮ ಗಿಡ ಇರುತ್ತದೆ.

ನಮ್ಮ ಮನೆಯಲ್ಲಿ ಈಗ ಇರುವುದು ಮೂರನೆಯ ರೋಸ್‌ಮರಿ. ಎರಡು ಮಳೆಗಾಲಗಳನ್ನು ದಾಟಿದೆ. ಮಜ್ಜನದ ನೀರು ಈಗ ಹಿತ್ತಿಲ ನೆಲದಲ್ಲಿರುವ ಬಿಲ್ವಕ್ಕೂ ದಾಸವಾಳಕ್ಕೂ ಹೋಗುತ್ತದೆ. ಅವಕ್ಕೆ ಅದು ಹಿಡಿಸಿದೆ. ನೀರಿನ ಪಾವಿತ್ರ್ಯ ಅಲ್ಲಿಯೂ ಕಡಿಮೆಯಾಗಲಿಲ್ಲ, ಇಲ್ಲಿ ಎರೆದಾಗ ಹೆಚ್ಚಿಯೂ ಇರಲಿಲ್ಲ. ಪೂಜೆ ಮುಗಿಸಿ ತಂಬಿಗೆ ಹಿಡಿದು ಹೊರಗೆ ಬಂದಾಗ ಈಗಲೂ ಕೈ ತಾನಾಗಿ ಆ ಕುಂಡದ ಕಡೆಗೆ ವಾಲುತ್ತದೆ. ಆಗ ನಿಂತು, ತಂಬಿಗೆಯನ್ನು ಕೆಳಗಿಟ್ಟು, ಮೊದಲು ಬೆರಳನ್ನು ಮಣ್ಣಿನಲ್ಲಿ ಇಳಿಸುತ್ತೇನೆ. ಸೊಸೆ ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡಿ ಮುಗುಳ್ನಗುವುದನ್ನು ನಾನೂ ನೋಡಿಲ್ಲದವನಂತೆ ಹಿತ್ತಿಲಿಗೆ ನಡೆಯುತ್ತೇನೆ.

ಪ್ರೀತಿಯಿಂದ ಕೊಟ್ಟುದೆಲ್ಲ ಪಡೆಯುವವರಿಗೆ ಒಗ್ಗಬೇಕೆಂದೇನೂ ಇಲ್ಲ. ಕೊಡುವ ಮುನ್ನ ಬೇಕೆ ಎಂದು ಕೇಳುವುದೂ ದಾಸೋಹದ ಒಂದು ಅಂಗ. ಮಾತಾಡುವವರನ್ನು ಬಾಯಿಂದ ಕೇಳಬಹುದು; ಮಾತಾಡದ ಗಿಡವನ್ನು ಬೆರಳಿನಿಂದ ಕೇಳಬೇಕು.